ಪೀಕದಾನಿಯ ಸದ್ದು

ಮೂವರೂ ತಮ್ಮ ತಮ್ಮ ಲೋಟ ಒರೆಸುತ್ತಿದ್ದರು. ಉದ್ದ ಕಾಲಿನ, ದೊಡ್ಡ ಹೊಟ್ಟೆಯ, ಬಾಯಿ ಕಿರಿದಾದ ಗಾಜಿನ ಲೋಟಗಳು. ಒಂದೊಂದನ್ನೂ ಕುದಿನೀರಿನ ಹಬೆಗೆ ಹಿಡಿದು, ಸೋಪು ಸೋಕದ ಬಟ್ಟೆಯಲ್ಲಿ ಒಳಗೂ ಹೊರಗೂ ತಿಕ್ಕಿ, ಬೆಳಕಿಗೆತ್ತಿ ನೋಡಿ ನಿಲ್ಲಿಸಬೇಕು. ಬೋರಲು ಹಾಕುವ ಹಾಗಿಲ್ಲ. ಹಾಕಿದರೆ ಹಲಗೆಯ ವಾಸನೆ ಒಳಗೆ ಕೂತುಬಿಡುತ್ತದೆ. ಒಬ್ಬರ ಲೋಟವನ್ನು ಇನ್ನೊಬ್ಬರು ಮುಟ್ಟುವ ಹಾಗೂ ಇಲ್ಲ. ಆಮೇಲೆ ರುಚಿ ಕೆಟ್ಟಿತೆಂದು ಒಬ್ಬರ ಮೇಲೊಬ್ಬರು ಗೂಬೆ ಕೂರಿಸಬಾರದಲ್ಲ, ಅದಕ್ಕೆ.

ಗುಬ್ಬಿಯ ಬಟ್ಟೆ ಒದ್ದೆಯಾಗಿಹೋಗಿತ್ತು. ಅವಳು ಅದನ್ನು ಕೊಡವಿ ಆಚೀಚೆ ನೋಡುವಷ್ಟರಲ್ಲಿ ಮೂಗಿನವರು ತಮ್ಮ ಹೆಗಲ ಮೇಲಿದ್ದ ಒಣ ಬಟ್ಟೆಯನ್ನು ತೆಗೆದು ಅವಳ ಕಡೆ ಚಾಚಿದರು. ಗುಬ್ಬಿ ತೆಗೆದುಕೊಂಡಳು. ಇಷ್ಟೇ ನಡೆದದ್ದು. ಆದರೆ ಅಕ್ಕನ ಕೈಯಲ್ಲಿದ್ದ ಲೋಟ ತಿರುಗುವುದನ್ನು ನಿಲ್ಲಿಸಿತು. ಅವಳ ಬಟ್ಟೆಯೂ ಒದ್ದೆಯಾಗಿತ್ತು. ಮೂಗಿನವರು ಅವಳ ಗಂಡ.

ಹೊರದೇಶಗಳಿಂದ ಕೆಂಪು ವೈನ್ ತರಿಸಿ ಅಂಗಡಿಗಳಿಗೆ ಸರಬರಾಜು ಮಾಡುವ ಮಂಡಿ ಅದು. ಯಾವ ಸೀಸೆ ತರಿಸಬೇಕು, ಯಾವುದು ಬೇಡ ಎಂದು ತೀರ್ಮಾನವಾಗುತ್ತಿದ್ದದ್ದು ಮಹಡಿಯ ಮೇಲಿನ ಬಿಳಿ ಗೋಡೆಯ ಕೋಣೆಯಲ್ಲಿ, ಈ ಮೂವರ ನಾಲಿಗೆಯ ಮೇಲೆ. ಅಕ್ಕನನ್ನು ಅಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಎಷ್ಟೋ ದೊಡ್ಡವನಾದ ಉಗ್ರಾಣದವನೂ ಸೇರಿ. ಅವಳ ಗಂಡನಿಗೆ ಮೂಗಿನವರು ಎಂಬ ಹೆಸರು ಬಿದ್ದದ್ದು ಅವರ ಮೂಗು ಉದ್ದವಿತ್ತೆಂದಲ್ಲ, ಮುಚ್ಚಿದ ಪೆಟ್ಟಿಗೆಯನ್ನು ಮೂಸಿ ಒಳಗಿನ ಸೀಸೆ ಸೋರಿದೆಯೋ ಇಲ್ಲವೋ ಹೇಳುತ್ತಿದ್ದರೆಂದು. ಗುಬ್ಬಿ ಬಂದದ್ದು ಹೋದ ವರ್ಷ. ಚಿಕ್ಕ ದೇಹ, ಚುರುಕು ಕಣ್ಣು, ಕೂತಲ್ಲಿ ಕೂರುವ ಜಾಯಮಾನವಲ್ಲ. ಹೆಸರಿಟ್ಟವನು ಉಗ್ರಾಣದವನು. ಅವಳು ಅಕ್ಕನನ್ನು ಅಕ್ಕ ಎನ್ನುತ್ತಿದ್ದಳು, ಮೂಗಿನವರನ್ನು ಸರ್ ಎನ್ನುತ್ತಿದ್ದಳು. ಅಕ್ಕನ ಗಂಡ ಭಾವ ಆಗಬೇಕಲ್ಲ, ಸರ್ ಹೇಗಾದ? ಇದೊಂದು ಲೆಕ್ಕ ಅಕ್ಕನಿಗೆ ಎಷ್ಟು ಗುಣಿಸಿದರೂ ತಾಳೆಯಾಗಿರಲಿಲ್ಲ.

ಕೆಲಸದ ರೀತಿ ಹೀಗಿತ್ತು. ಉಗ್ರಾಣದವನು ಸೀಸೆಗಳಿಗೆ ಕಪ್ಪು ಬಟ್ಟೆಯ ಚೀಲ ತೊಡಿಸಿ ತರುತ್ತಿದ್ದ. ಯಾವ ದೇಶದ್ದು, ಎಷ್ಟು ಹಳೆಯದು, ಯಾರಿಗೂ ತಿಳಿಯಬಾರದು. ಮೂವರ ನಡುವೆ ಹಲಗೆಯ ತಟ್ಟಿಗಳು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ನೋಡಬೇಕು, ಮೂಸಬೇಕು, ಬಾಯಲ್ಲಿ ಆಡಿಸಿ ಪಕ್ಕದ ತಗಡಿನ ಪೀಕದಾನಿಗೆ ಉಗುಳಬೇಕು, ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಬರೆದು ಚೀಟಿ ಬೋರಲು ಹಾಕಬೇಕು. ಆಮೇಲೆ ಉಗ್ರಾಣದವನು ಮೂರೂ ಚೀಟಿ ತಿರುವಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಉಳಿದಿಬ್ಬರಿಗಿಂತ ಯಾರ ಅಂಕ ತೀರಾ ದೂರ ಹೋಗಿದೆಯೋ ಅವರು ಎದ್ದು ನಿಂತು ಯಾಕೆಂದು ಹೇಳಬೇಕು. ಅದಕ್ಕೆ ಅಲ್ಲಿ ಎದ್ದು ಹೇಳುವುದು ಎಂದೇ ಹೆಸರು. ಎದ್ದು ಹೇಳಿದವರ ಮುಖ ಆ ದಿನವೆಲ್ಲ ಸಪ್ಪಗಿರುತ್ತಿತ್ತು.

ಗುಬ್ಬಿ ಬರುವ ಮೊದಲು ಆ ಕುರ್ಚಿಯಲ್ಲಿ ಯಾರು ಯಾರೋ ಕೂತು ಹೋಗಿದ್ದರು. ಎದ್ದು ಹೇಳುವ ಸರದಿ ಯಾವಾಗಲೂ ಅವರದೇ. ಗಂಡ ಹೆಂಡತಿಯ ಅಂಕ ಮಾತ್ರ ಅಕ್ಕಪಕ್ಕದಲ್ಲೇ ಇರುತ್ತಿತ್ತು. ಗಂಡ ಹದಿನಾಲ್ಕು ಅಂದರೆ ಹೆಂಡತಿ ಹದಿನಾಲ್ಕೂವರೆ. ಬೇರೆ ಹೆಂಗಸರಿಗೆ ಸೀರೆಯೋ ಸರವೋ ಹೇಗೋ, ಅಕ್ಕನಿಗೆ ಆ ಕರಿಹಲಗೆ ಹಾಗೆ. ದಿನವೂ ಸಂಜೆ ಅಳಿಸುವ ಮೊದಲು ಒಮ್ಮೆ ಕಣ್ತುಂಬ ನೋಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡಿರ ನಡುವೆ ಮಾತು ಕಡಿಮೆಯಾಗಿತ್ತು, ಆದರೆ ಅಂಕ ಕೂಡಿ ಬರುತ್ತಿತ್ತು.

ಈಚೆಗೆ ಕೂಡಿ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಮೂಗಿನವರಿಗೆ ಕೆಟ್ಟ ಜ್ವರ ಬಂದು ಹೋಯಿತು. ಹಾಸಿಗೆ ಬಿಟ್ಟೆದ್ದು ಬಂದವರ ಅಂಕ ನೋಡಿದರೆ, ಅದು ಹೋಗಿ ಗುಬ್ಬಿಯ ಪಕ್ಕದಲ್ಲಿ ಕೂತಿತ್ತು. ಚಿಲಿಯ ಒಂದು ವೈನ್‌ಗೆ ಅಕ್ಕ ಹನ್ನೆರಡು ಕೊಟ್ಟಳು. ಮರದ ವಾಸನೆಯೇ ಹೆಚ್ಚಾಗಿ ಹಣ್ಣು ಸತ್ತುಹೋಗಿತ್ತು. ಅಂಥದ್ದು ಗಂಡನಿಗೆ ಆಗದೆಂದು ಅವಳಿಗೆ ಗೊತ್ತು. ಚೀಟಿ ತಿರುವಿದರೆ ಗುಬ್ಬಿ ಹದಿನೇಳು, ಮೂಗಿನವರು ಹದಿನೇಳು. ಅಕ್ಕ ಮೊದಲ ಸಲ ಎದ್ದು ಹೇಳಿದಳು. ಪೋರ್ಚುಗಲ್‌ನದಕ್ಕೂ ಎದ್ದಳು, ಜಾರ್ಜಿಯಾದ ಒಗರು ವೈನ್‌ಗೂ ಎದ್ದಳು. ಉಗ್ರಾಣದವನು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, ಅಕ್ಕ, ನಿಮಗೆ ಇನ್ನು ಕುರ್ಚಿ ಯಾಕೆ, ಹೇಗೂ ನಿಂತೇ ಇರ್ತೀರಲ್ಲ ಎಂದು ಹಾಸ್ಯ ಮಾಡಿದ. ಅವನೂ ಗುಬ್ಬಿಯೂ ನಕ್ಕರು. ಮೂಗಿನವರು ನಗಲಿಲ್ಲ, ಮುಂದಿನ ಲೋಟ ಎತ್ತಿಕೊಂಡರು.

ಅದರ ಮೇಲೆ ಮಂಡಿಯ ಒಡೆಯರಾದ ಸಾಹುಕಾರರು ಒಂದು ಮಾತು ಹೇಳಿದ್ದರು. ವ್ಯಾಪಾರ ಇಳಿದಿದೆ, ವರ್ಷದ ದೊಡ್ಡ ಆಯ್ಕೆ ಮುಗಿದ ಮೇಲೆ ಮೇಜಿಗೆ ಇಬ್ಬರೇ ಸಾಕು, ಮೂರನೆಯವರು ಕೆಳಗೆ ಉಗ್ರಾಣದಲ್ಲಿ ಪೆಟ್ಟಿಗೆ ನೋಡಿಕೊಳ್ಳಲಿ, ಯಾರ ಯಾರ ನಾಲಿಗೆ ಹೊಂದುತ್ತದೋ ಆ ಇಬ್ಬರು ಉಳಿಯಲಿ. ಹೇಳುವಾಗ ಅವರು ಯಾರ ಮುಖವನ್ನೂ ನೋಡಿರಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಕರಿಹಲಗೆ ಎದುರಿಗೇ ಇತ್ತು.

ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ನೋಡಲು ಹೊರಟವರಿಗೆ ಕಾಣುವುದಕ್ಕೆ ಬರವೇ?

ಮೊದಲು ಕಂಡದ್ದು ಮನೆಯಲ್ಲಿ. ರುಚಿ ನೋಡುವವರು ಮೈಗೆ ಯಾವ ವಾಸನೆಯನ್ನೂ ಹಚ್ಚಿಕೊಳ್ಳಬಾರದು. ಎಣ್ಣೆ, ಪೌಡರು, ಸೆಂಟು ಯಾವುದೂ ಇಲ್ಲ. ಹಾಗಾಗಿ ಮದುವೆಯಾದಾಗಿನಿಂದ ಮೂಗಿನವರು ದಿನವೂ ಮಂಡಿಗೆ ಹೊರಟು ಬಾಗಿಲು ಹಾಕುವ ಮೊದಲು ಹೆಂಡತಿಯ ಕಿವಿಯ ಹಿಂದೆ ಮೂಗಿಟ್ಟು ಒಮ್ಮೆ ಎಳೆದುಕೊಳ್ಳುತ್ತಿದ್ದರು. ತಪಾಸಣೆ ಎನ್ನುತ್ತಿದ್ದರು. ಇವಳೇ, ನಿನ್ನೆ ಬದನೆಕಾಯಿ ಸುಟ್ಟೆಯಲ್ಲ, ಇನ್ನೂ ಹೋಗಿಲ್ಲ ನೋಡು ಎಂದು ಗೇಲಿ ಮಾಡುತ್ತಿದ್ದರು. ಜ್ವರ ಬಿಟ್ಟ ಮೇಲೆ ತಪಾಸಣೆ ನಿಂತಿತು. ಚಪ್ಪಲಿ ಮೆಟ್ಟಿಕೊಳ್ಳುತ್ತ, ಬಾಗಿಲಾಚೆಯಿಂದಲೇ, ಸರಿ ಇದೆ ನಡಿ ಎನ್ನುತ್ತಿದ್ದರು. ಅಡುಗೆಯ ಬಗ್ಗೆಯೂ ಒಳ್ಳೆಯದು ಕೆಟ್ಟದ್ದು ಏನೂ ಇಲ್ಲ. ಉಪ್ಪು ಹಾಕಿಕೊಳ್ಳುವರು, ಮೇಲೆ ಮತ್ತಷ್ಟು ಹಾಕಿಕೊಳ್ಳುವರು, ಉಂಡೇಳುವರು. ಅವಳ ಕೈರುಚಿ ಅವರಿಗೆ ಬೇಡವಾಗಿದೆ ಎಂದು ಅಕ್ಕ ತಿಳಿದಳು.

ಒಂದು ಬೆಳಿಗ್ಗೆ ಹಟ ಬಂದು, ಪೆಟ್ಟಿಗೆಯ ತಳದಲ್ಲಿದ್ದ ಮಲ್ಲಿಗೆ ಸೆಂಟಿನ ಶೀಶೆ ತೆಗೆದು ಕಿವಿಯ ಹಿಂದೆ ಎರಡು ಬೊಟ್ಟು ಹಚ್ಚಿಕೊಂಡಳು. ಬೈಯಲಿ, ಹತ್ತಿರ ಬಂದು ಬೈಯಲಿ. ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿ ಕೂತಿದ್ದರೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಎದುರು ಸೀಟಿನ ಮಗು ಎರಡು ಸಲ ಸೀನಿತು. ಮಂಡಿಯ ಮೆಟ್ಟಿಲು ಹತ್ತುವಾಗ ಗುಬ್ಬಿ ಎದುರು ಬಂದು ಥಟ್ಟನೆ ನಿಂತಳು.

"ಅಕ್ಕಾ, ಸೆಂಟ್ ಹಾಕ್ಕೊಂಡು ಬಂದಿದ್ದೀರಾ? ಇವತ್ತು ಕೆಲಸ ಬೇಡ್ವಾ ನಮಗೆ?"

ಅಷ್ಟು ಹೇಳಿ ಅವಳು ಅಕ್ಕನನ್ನು ನೋಡಲಿಲ್ಲ, ಮೂಗಿನವರನ್ನು ನೋಡಿದಳು. ಮೂಗಿನವರು ಅವಳನ್ನು ನೋಡಿದರು. ಆಮೇಲೆ ಏನೋ ನೆನಪಾದವರಂತೆ, ಹೋಗಿ ತೊಳ್ಕೊಂಡು ಬಾ ಎಂದರು. ಹಿತ್ತಲ ನಲ್ಲಿಯ ತಣ್ಣೀರಲ್ಲಿ ಕಿವಿ ಕೆಂಪಾಗುವವರೆಗೆ ತಿಕ್ಕಿಕೊಳ್ಳುತ್ತ ಅಕ್ಕನಿಗೆ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು. ಮಗ್ಗುಲಲ್ಲಿ ಕೂತವಳ ಮೇಲೆ ಇಲ್ಲದ ಗಮನ ಗಂಡನಿಗೆ ಮೆಟ್ಟಿಲ ಮೇಲೆ ನಿಂತವಳ ಮೇಲಿತ್ತು.

ಎರಡನೆಯದು ಕಂಡದ್ದಲ್ಲ, ಕೇಳಿದ್ದು. ಉಗುಳುವುದರಲ್ಲಿ ಅಕ್ಕನಿಗೆ ಒಂದು ಬಿಂಕವಿತ್ತು. ತುಟಿ ಚೂಪು ಮಾಡಿ, ಪೀಕದಾನಿಯ ಗೋಡೆಗೆ ಜಾರುವ ಹಾಗೆ, ಸದ್ದಿಲ್ಲದೆ ಒಂದೇ ಸಲ ಉಗುಳುವಳು. ಗುಬ್ಬಿಯದು ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಮೊದಮೊದಲು, ಹೆಣ್ಣುಮಗಳಿಗೆ ಉಗುಳಲೂ ಬಾರದಲ್ಲ ಎಂದು ಅಕ್ಕ ಮುಖ ಗಂಟಿಕ್ಕಿಕೊಳ್ಳುತ್ತಿದ್ದಳು. ಒಂದು ದಿನ ಗಮನಿಸಿದಳು. ಒಂದು ವೈನ್‌ಗೆ ಒಂದೇ ಸಲ ಸದ್ದು. ಇನ್ನೊಂದಕ್ಕೆ ಎರಡು ಸಲ. ಮತ್ತೊಂದಕ್ಕೆ ಬಿಟ್ಟು ಬಿಟ್ಟು ಮೂರು ಸಲ. ಒಂದು ಗುಟುಕನ್ನು ಮೂರು ಕಂತಿನಲ್ಲಿ ಉಗುಳುವವರುಂಟೇ? ಸದ್ದು ನಿಂತ ಮೇಲೆಯೇ ತಟ್ಟಿಯಾಚೆ ಗಂಡನ ಪೆನ್ಸಿಲು ಕಾಗದದ ಮೇಲೆ ಗೀಚುವುದು ಕೇಳುತ್ತಿತ್ತು. ಮೂರು ಸದ್ದಿಗೆ ಹದಿನೇಳು ಹದಿನೆಂಟು. ಎರಡಕ್ಕೆ ಹದಿಮೂರು ಹದಿನಾಲ್ಕು. ಒಂದಕ್ಕೆ ಹತ್ತರ ಒಳಗೆ. ವಾರವೆಲ್ಲ ಮೈಯೆಲ್ಲ ಕಿವಿಯಾಗಿ ಕೂತು ಕೇಳಿದಳು. ಒಮ್ಮೆಯೂ ತಪ್ಪಲಿಲ್ಲ.

ಪ್ರೀತಿ ಮಾಡುವವರು ಕಣ್ಣಲ್ಲಿ ಮಾತಾಡುತ್ತಾರೆಂದು ಅವಳು ಕೇಳಿದ್ದಳು. ಇವರು ಉಗುಳಿನಲ್ಲಿ ಮಾತಾಡುತ್ತಿದ್ದರು, ಅದೂ ಅವಳ ಮೂಗಿನ ಕೆಳಗೆ. ಎಲ್ಲವೂ ಸ್ಪಷ್ಟವಾಯಿತು ಎಂದುಕೊಂಡಳು. ಇಬ್ಬರ ಅಂಕ ಹೊಂದಬೇಕು, ಅವಳು ಕೆಳಗಿಳಿಯಬೇಕು, ಆಮೇಲೆ ಈ ಬಿಳಿ ಕೋಣೆಯಲ್ಲಿ ಅವರಿಬ್ಬರೇ. ಗಂಡನನ್ನು ಕೇಳಿಬಿಡಬಹುದಿತ್ತು. ರಾತ್ರಿ ಪಕ್ಕದಲ್ಲೇ ಮಲಗುವ ಮನುಷ್ಯ. ಆದರೆ ಕೇಳಿ, ಅವರು ಹೌದು ಅಂದುಬಿಟ್ಟರೆ? ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ವರ್ಷದ ದೊಡ್ಡ ಆಯ್ಕೆಯ ಹಿಂದಿನ ದಿನ ಉಗ್ರಾಣದವನ ಹತ್ತಿರ, ಪೀಕದಾನಿಯಿಂದ ಹನಿ ಸಿಡಿದು ಮೇಜಿನ ಬಿಳಿ ಬಟ್ಟೆ ಹಾಳಾಗುತ್ತಿದೆ, ನಾಳೆ ಸಾಹುಕಾರರ ಎದುರಿಗೆ ಚೆನ್ನಾಗಿರೋದಿಲ್ಲ, ಮೂರಕ್ಕೂ ತಳದಲ್ಲಿ ಬಟ್ಟೆ ಹಾಸೋಣ ಎಂದಳು. ಅವನು, ನಿಮ್ಮಿಷ್ಟ ಅಕ್ಕ, ಒಗೆಯೋರೂ ನೀವೇ ತಾನೆ ಎಂದ. ಹಳೆಯ ಹತ್ತಿ ಪಂಚೆಯೊಂದನ್ನು ಹರಿದು, ಸೋಪಿಲ್ಲದೆ ಎರಡು ಸಲ ಕುದಿಸಿ, ಬಿಸಿಲಲ್ಲಿ ಒಣಗಿಸಿ, ವಾಸನೆ ಇಲ್ಲವೆಂದು ತಾನೇ ಮೂಸಿ ನೋಡಿ, ದಪ್ಪಗೆ ಮಡಿಸಿದಳು. ಹೊಟ್ಟೆಕಿಚ್ಚಿನಲ್ಲೂ ಕಸುಬಿನ ಅಚ್ಚುಕಟ್ಟು ಬಿಡಲಿಲ್ಲ.

ಮರುದಿನ ಸಾಹುಕಾರರು ಬಂದು ಕಿಟಕಿಯ ಪಕ್ಕ ಕೂತರು. ಮೊದಲ ವೈನ್ ಬಂತು. ಗುಬ್ಬಿ ಉಗುಳಿದಳು. ಸದ್ದಿಲ್ಲ. ಮತ್ತೊಮ್ಮೆ ಉಗುಳಿದಳು. ಬಟ್ಟೆ ಎಲ್ಲವನ್ನೂ ನುಂಗಿತು. ತಟ್ಟಿಯಾಚೆ ಪೆನ್ಸಿಲಿನ ಸದ್ದು ಏಳಲಿಲ್ಲ, ತುಂಬ ಹೊತ್ತು ಏಳಲಿಲ್ಲ. ಗುಬ್ಬಿ ಕೆಮ್ಮಿದಳು. ಸಾಹುಕಾರರು ಅವಳ ಕಡೆ ತಿರುಗಿದರು; ರುಚಿ ನೋಡುವಾಗ ಕೆಮ್ಮುವುದು ಸಲ್ಲದು. ಅವಳು ಸುಮ್ಮನಾದಳು. ಅಕ್ಕ ತುಟಿ ಕಚ್ಚಿ ನಗು ತಡೆದುಕೊಂಡಳು. ಎಷ್ಟೋ ದಿನದ ಮೇಲೆ ಬಾಯಲ್ಲಿದ್ದ ವೈನ್ ರುಚಿಯಾಗಿತ್ತು.

ಮೊದಲ ಕೆಲವು ಸುತ್ತಿನಲ್ಲಿ ಏನೂ ಆಗಲಿಲ್ಲ. ಮೂಗಿನವರ ಅಂಕ ಯಾರ ಪಕ್ಕದಲ್ಲೂ ಕೂರದೆ ನಡುವೆ ಎಲ್ಲೋ ತೂಗಾಡುತ್ತಿತ್ತು. ಬರುತ್ತಾರೆ, ದಾರಿಗೆ ಬರುತ್ತಾರೆ ಎಂದುಕೊಂಡಳು ಅಕ್ಕ. ಆಮೇಲೆ ಇಟಲಿಯ ದುಬಾರಿ ಸೀಸೆಯೊಂದು ಬಂತು. ಇಟಲಿಯದೆಂದು ತಿಳಿದದ್ದು ಕೊನೆಗೆ. ಲೋಟ ಮೂಗಿನ ಹತ್ತಿರ ತಂದದ್ದೇ ಅಕ್ಕನ ತಲೆ ಹಿಂದಕ್ಕೆ ಹೋಯಿತು. ಬಿರಡೆ ಕೆಟ್ಟು ಅದರ ನಾತ ವೈನ್‌ಗೆ ಇಳಿದಿತ್ತು. ನೆಂದ ರಟ್ಟು, ಮುಗ್ಗಿದ ನೆಲಮಾಳಿಗೆ. ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗುಳಿ ನಾಲ್ಕು ಎಂದು ಬರೆದಳು. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ.

ಉಗ್ರಾಣದವನು ಚೀಟಿ ತಿರುವಿದ. ಗುಬ್ಬಿ ನಾಲ್ಕು. ಅಕ್ಕ ನಾಲ್ಕು. ಮೂರನೆಯದನ್ನು ತಿರುವಿ ಅವನು ಒಮ್ಮೆ ನೋಡಿದ, ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ನೋಡಿದ, ಬರೆದ. ಹದಿನೇಳು.

ಮೂಗಿನವರು ಎದ್ದು ನಿಂತರು. ಅಷ್ಟು ವರ್ಷದಲ್ಲಿ ಮೊದಲ ಸಲ. ಲೋಟವನ್ನು ಓರೆ ಮಾಡಿ ಬಣ್ಣ ತೋರಿಸಿದರು. ಅದರ ಬಗ್ಗೆ ಹೇಳಿದ್ದೆಲ್ಲ ಸರಿ. ಹುಳಿ ಹದವಾಗಿದೆ, ಒಗರು ಮೆತ್ತಗಾಗಿದೆ ಎಂದರು, ಅದೂ ಸರಿ. ಆಮೇಲೆ ಘಮದ ಮಾತಿಗೆ ಬಂದರು. ಮಾಗಿದ ನೇರಳೆ, ಒಣಗಿದ ಗುಲಾಬಿ, ಹಿಂದಿನಿಂದ ಸ್ವಲ್ಪ ಲವಂಗ. ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದರು. ದನಿ ಎಷ್ಟು ಚೆನ್ನಾಗಿತ್ತೆಂದರೆ ಅಕ್ಕನಿಗೆ ಒಂದು ಗಳಿಗೆ ತನ್ನ ಮೂಗಿನ ಮೇಲೇ ಅನುಮಾನ ಬಂತು. ಮತ್ತೆ ಮೂಸಿದಳು. ನೆಂದ ರಟ್ಟು.

ಸಾಹುಕಾರರು ಉಗ್ರಾಣದವನಿಗೆ ಕೈ ಸನ್ನೆ ಮಾಡಿದರು. ಅವನು ಆ ಸೀಸೆಯ ಬಿರಡೆಯನ್ನು ತಟ್ಟೆಯಲ್ಲಿಟ್ಟು ತಂದ. ಅದು ಬಾಗಿಲು ದಾಟಿ ಒಳಬರುವ ಮೊದಲೇ ಅದರ ನಾತ ಅಕ್ಕನ ಕುರ್ಚಿಯವರೆಗೆ ಬಂದಿತ್ತು. ಮೂಗಿನವರು ಬಿರಡೆಯನ್ನು ಬೆರಳಲ್ಲಿ ಹಿಡಿದು, ಮೂಗಿಗೊತ್ತಿ, ಉದ್ದಕ್ಕೆ ಉಸಿರು ಎಳೆದುಕೊಂಡರು.

"ಬಿರಡೆ ಚೆನ್ನಾಗೇ ಇದೆಯಲ್ಲ" ಎಂದರು.

ಉಗ್ರಾಣದವನು ನೆಲ ನೋಡಿದ. ತಟ್ಟಿಯ ಮೇಲಿಂದ ಎದ್ದ ಗುಬ್ಬಿಯ ಮುಖ ಬಿಳಿಚಿಕೊಂಡಿತ್ತು. ಅಕ್ಕನಿಗೆ ಎಲ್ಲವೂ ಒಟ್ಟಿಗೆ ಮೈಮೇಲೆ ಬಿತ್ತು: ಜ್ವರ, ಉಪ್ಪು, ಬಸ್ಸಿನ ಕಿಟಕಿ, ಎರಡು ಬೊಟ್ಟು ಸೆಂಟು. ಹತ್ತಿರ ಬರಲು ಮನಸ್ಸಿಲ್ಲದೆ ಅಲ್ಲ. ಬಂದರೂ ಸಿಗುವುದೇನೂ ಇರಲಿಲ್ಲ. ಜ್ವರ ಹೋಗುವಾಗ ಗಂಡನ ಮೂಗನ್ನು ಜೊತೆಗೆ ಕೊಂಡೊಯ್ದಿತ್ತು.

ಸಾಹುಕಾರರು ಒಳ್ಳೆಯ ದನಿಯಲ್ಲೇ, ಇವತ್ತಿಗೆ ಸಾಕು, ನೀವು ಮನೆಗೆ ಹೋಗಿ ಸುಧಾರಿಸಿಕೊಳ್ಳಿ ಎಂದರು. ನಾಳೆಯಿಂದ ಹೆಣ್ಣುಮಕ್ಕಳಿಬ್ಬರೇ ಕೂರಲಿ, ಈ ಸೀಸೆಗೆ ಅವರ ಅಂಕವೇ ತಾನೆ ಹೊಂದಿದ್ದು ಎಂದೂ ಸೇರಿಸಿದರು. ಮೂಗಿನವರು ಬಿರಡೆಯನ್ನು ತಟ್ಟೆಯಲ್ಲಿ ಮೆಲ್ಲಗಿಟ್ಟರು, ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು, ಕೋಟನ್ನು ಕುರ್ಚಿಯ ಮೇಲೇ ಬಿಟ್ಟು ಮೆಟ್ಟಿಲಿಳಿದು ಹೋದರು.

ಅಕ್ಕ ಗುಬ್ಬಿಯ ಪೀಕದಾನಿಯನ್ನು ತೊಳೆಯುವ ಕೋಣೆಗೆ ಒಯ್ದು ಅದರಿಂದ ಬಟ್ಟೆಯನ್ನು ಎಳೆದು ಹಾಕಿದಳು. ರಕ್ತದ ಹಾಗೆ ಕೆಂಪಾಗಿ ಭಾರವಾಗಿತ್ತು. ಗುಬ್ಬಿ ಹಿಂದೆಯೇ ಬಂದಳು. ಬೈಯುತ್ತಾಳೆಂದು ಅಕ್ಕ ಕಾದಳು, ಬೈದಿದ್ದರೆ ಸಮಾಧಾನವಾಗುತ್ತಿತ್ತು.

"ಅವರಾಗಿ ಹೇಳಿದ್ದಲ್ಲ ಅಕ್ಕ," ಎಂದಳು ಗುಬ್ಬಿ. "ಒಂದಿನ ನನ್ನ ಲೋಟಕ್ಕೆ ಫಿನೈಲ್ ಬಟ್ಟೆ ತಾಗಿತ್ತು. ನೋಡಿ ಸರ್, ಹೇಗೆ ನಾರ್ತಿದೆ ಅಂತ ಮೂಗಿಗೆ ಹಿಡಿದೆ. ಅವರು ಏನು ಅಂತ ನನ್ನನ್ನೇ ಕೇಳಿದ್ರು. ಗೊತ್ತಾಗ್ಹೋಯ್ತು."

"ನನಗ್ಯಾಕೆ ಹೇಳಲಿಲ್ಲ ನೀನು?"

"ಹೇಳ್ಬೇಡ ಅಂದ್ರು. ಅವಳಿಗೆ ನನ್ನ ಅಂಕ ತನ್ನ ಅಂಕ ಒಂದೇ ಅಂತ ದೊಡ್ಡ ಹೆಮ್ಮೆ, ನನ್ನ ಹತ್ರ ಏನೂ ಉಳಿದಿಲ್ಲ ಅಂತ ಗೊತ್ತಾದ್ರೆ ಕುಗ್ಗಿಹೋಗ್ತಾಳೆ ಅಂದ್ರು. ನಾಲಿಗೆಗೆ ಹುಳಿ ಸಿಹಿ ಒಗರು ಎಲ್ಲ ಗೊತ್ತಾಗುತ್ತೆ, ಘಮ ಮಾತ್ರ ನೀನು ಹೇಳು, ಮೂಗು ವಾಪಸ್ ಬರೋ ತನಕ ಅಂದ್ರು." ಗುಬ್ಬಿ ತಲೆ ತಗ್ಗಿಸಿದಳು. "ನಿಮ್ಮ ಉಗುಳು ಕೇಳೋಕೆ ಪ್ರಯತ್ನ ಮಾಡಿದ್ರಂತೆ ಮೊದಲು. ನೀವು ಸದ್ದೇ ಮಾಡಲ್ವಲ್ಲ."

ಇದಕ್ಕೆ ಅಕ್ಕನಿಗೆ ಅಳು ಬರಬೇಕಿತ್ತು. ಬಂತು ಕೂಡ. ಆದರೆ ಅಳುವಿನ ಅಡಿಯಲ್ಲಿ ಆ ಹಳೆಯ ಕೆಂಡ ಆರಿರಲಿಲ್ಲ, ಇನ್ನಷ್ಟು ನಿಗಿನಿಗಿ ಉರಿಯುತ್ತಿತ್ತು. ಪ್ರೀತಿ ಪ್ರೇಮ ಏನೂ ಇರಲಿಲ್ಲ, ಒಪ್ಪಿದಳು. ಅದಿದ್ದಿದ್ದರೆ ಜಗಳವಾಡಬಹುದಿತ್ತು, ಬೀದಿಗೆ ಎಳೆಯಬಹುದಿತ್ತು. ಗಂಡನ ಬದುಕಿನಲ್ಲಿ ಬಿದ್ದ ದೊಡ್ಡ ಗುಂಡಿಯನ್ನು ಇನ್ನೊಬ್ಬಳು ಬಗ್ಗಿ ನೋಡಿದ್ದಳು. ತಾನು ಪಕ್ಕದಲ್ಲೇ ಮಲಗಿ ನೋಡಿರಲಿಲ್ಲ. ಇಷ್ಟು ದಿನ ಬೆಳಿಗ್ಗೆ ಅವರು ಮಂಡಿಗೆ ಹೆದರಿಕೊಂಡು ಬಂದಾಗ ಧೈರ್ಯ ಹೇಳಿದ್ದು ಈ ಚಿಕ್ಕ ಕೈಗಳ ಹುಡುಗಿ. ಆ ದಿನಗಳೆಲ್ಲ ಅವಳ ಪಾಲಾಗಿ ಹೋಗಿದ್ದವು. ಇನ್ನು ಯಾರೂ ಅವನ್ನು ವಾಪಸು ತಂದುಕೊಡುವ ಹಾಗಿರಲಿಲ್ಲ.

"ಬಟ್ಟೆ ಹಾಸಿದ್ದು ನಾನು. ಬೇಕಂತಲೇ ಹಾಸಿದ್ದು" ಎಂದಳು.

"ಗೊತ್ತು" ಎಂದಳು ಗುಬ್ಬಿ.

ಅಷ್ಟರಲ್ಲಿ ಉಗ್ರಾಣದವನು ಬಾಗಿಲಲ್ಲಿ ಇಣುಕಿ, ಅವರು ಕೋಟು ಮರೆತು ಹೋಗಿದ್ದಾರೆ, ಹೊರಗೆ ಥಂಡಿ ಇದೆ ಎಂದ. ಅಕ್ಕ ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಗುಬ್ಬಿ ಕುರ್ಚಿಯ ಮೇಲಿನ ಕೋಟು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ಎರಡೆರಡು ಮೆಟ್ಟಿಲು ಹಾರಿ ಇಳಿಯುವ ವಯಸ್ಸು. ಅಕ್ಕ ಗೋಡೆ ಹಿಡಿದುಕೊಂಡು ಹಿಂದೆ ಇಳಿದಳು.

ಬೀದಿಯಲ್ಲಿ ಅಂಗಡಿಗಳು ಇನ್ನೂ ತೆರೆದಿದ್ದವು. ಮೂಗಿನವರು ಬೇಕರಿ ದಾಟಿ, ಸೈಕಲ್ ರಿಪೇರಿಯವನನ್ನು ದಾಟಿ, ಯಾವ ಕಡೆಗೂ ತಿರುಗದೆ ನಡೆಯುತ್ತಿದ್ದರು. ಗುಬ್ಬಿ ಓಡಿ ಹೋಗಿ ಅವರನ್ನು ಮುಟ್ಟಿದಳು. ಅವರು ನಿಂತರು. ಅವಳು ಕೋಟು ಬಿಡಿಸಿ ಹಿಡಿದಳು. ಅವರು ಒಂದು ತೋಳು ಹಾಕಿದರು, ಇನ್ನೊಂದು ತೋಳು ಸಿಗದೆ ತಡಕಾಡಿದಾಗ ಅವಳು ಹಿಡಿದು ತೂರಿಸಿದಳು. ಏನೋ ಹೇಳಿದಳು. ಅವರು ತಲೆಯಾಡಿಸಿದರು. ಅವಳು ಮತ್ತೇನೋ ಹೇಳಿದಳು, ಅವರ ಭುಜ ಅಲುಗಿತು. ಅತ್ತರೋ ನಕ್ಕರೋ ಹಿಂದಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಆಮೇಲೆ ಇಬ್ಬರೂ ಬಸ್ ನಿಲ್ದಾಣದ ಕಡೆ ಜೊತೆಯಾಗಿ ಹೆಜ್ಜೆ ಹಾಕತೊಡಗಿದರು.

ಅಕ್ಕ ಸೆರಗು ಬಿಗಿದುಕೊಂಡು ಬೇಗಬೇಗ ನಡೆದಳು. ಜನ ಅಡ್ಡ ಬರುತ್ತಿದ್ದರು. ಓಡಲು ನಾಚಿಕೆಯಾಯಿತು.

"ರೀ, ಸ್ವಲ್ಪ ನಿಧಾನ ನಡೀರಿ. ನಾನೂ ಬರ್ತೀನಿ" ಎಂದಳು.